ಪೆಟ್ರೋಲ್ ಪೈಪ್‌ಲೈನ್ ಸೋರಿಕೆಯ ನಂತರ ಬಾವಿನೀರಿನ ನಿಗಾ ಮತ್ತು ಶುದ್ಧೀಕರಣ: ವಾಸ್ಕೋ ಪರಿಸರದವರಿಗೆ ಹಂತ ಹಂತದ ಮಾರ್ಗದರ್ಶಿ

ಗೋವಾದ ವಾಸ್ಕೋ, ಬೈನಾ, ಝುವಾರಿನಗರ, ಚಿಖಲಿ ಭಾಗದ ಕನ್ನಡಿಗರು ನೋಡಿಕೊಡಿ ಎಂದು ನನ್ನ ಬಳಿಗೆ ತರುವ ನೀರಿನ ವರದಿಗಳಲ್ಲಿ ನಾಲ್ಕು ತಪ್ಪುಗಳು ಮತ್ತೆ ಮತ್ತೆ ಕಾಣಿಸುತ್ತವೆ. ಮಾದರಿಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಅರ್ಧ ತುಂಬಿಸಿ ಕೊಟ್ಟಿರುತ್ತಾರೆ. ಪೆಟ್ರೋಲಿನ ಅಂಶ ಹಿಡಿಯಲಾರದ ಪರೀಕ್ಷೆಗೆ ಹಣ ಕಟ್ಟಿರುತ್ತಾರೆ. ಅಂದು ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿತ್ತು ಎಂದು ಬರೆದಿಟ್ಟಿರುವುದಿಲ್ಲ. ಮಳೆಗಾಲದಲ್ಲಿ ಬಂದ ಒಂದು ಒಳ್ಳೆಯ ವರದಿಯನ್ನೇ ನಂಬಿ ನಿಗಾ ನಿಲ್ಲಿಸಿರುತ್ತಾರೆ. ಕೊನೆಯ ತಪ್ಪು ಎಲ್ಲಕ್ಕಿಂತ ದುಬಾರಿ. ಜುಲೈನಲ್ಲಿ ಮಾಯವಾದ ತೈಲ ಏಪ್ರಿಲ್‌ನಲ್ಲಿ ಹಿಂತಿರುಗಿದಾಗ ಪೈಪ್‌ಲೈನಿನವರ ಕಡತ ಮುಚ್ಚಿ ಹೋಗಿರುತ್ತದೆ.

ಈ ಮಾರ್ಗದರ್ಶಿಯನ್ನು ಬಡಾವಣೆಯ ಸಮಿತಿಯವರು, ಪಂಚಾಯತಿ ಸದಸ್ಯರು ಮತ್ತು ಮೊದಲ ಬಾರಿಗೆ ಇಂಥ ಕೆಲಸಕ್ಕೆ ಇಳಿಯುವ ಯುವ ತಂತ್ರಜ್ಞರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಹಂತಗಳ ಅನುಕ್ರಮವನ್ನು ದಯವಿಟ್ಟು ಬದಲಿಸಬೇಡಿ.

ಕೈಯಲ್ಲಿ ಇರಬೇಕಾದ ಸಾಮಗ್ರಿ

ತೈಲ ಮತ್ತು ನೀರಿನ ಗಡಿಯನ್ನು ಬೇರೆ ಬೇರೆ ಸದ್ದಿನಿಂದ ತಿಳಿಸುವ ಇಂಟರ್‌ಫೇಸ್ ಮೀಟರ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಹಿತ್ತಾಳೆಯ ತೂಕ ಕಟ್ಟಿದ ಸ್ಟೀಲ್ ಟೇಪು ಮತ್ತು ಪೆಟ್ರೋಲ್ ಪಂಪಿನವರು ಟ್ಯಾಂಕಿನ ತಳದ ನೀರು ನೋಡಲು ಡಿಪ್ ರಾಡಿಗೆ ಹಚ್ಚುವ ಪೇಸ್ಟು ಸಾಕು. ತೈಲದ ಮೇಲ್ಮಟ್ಟ ತೋರಿಸುವ ಪೇಸ್ಟು ಬೇರೆಯೇ ಇದೆ, ಎರಡನ್ನೂ ತನ್ನಿ. ಇವಲ್ಲದೆ ಆವಿ ಅಳೆಯುವ ಗ್ಯಾಸ್ ಡಿಟೆಕ್ಟರ್, ಹಗ್ಗ ಕಟ್ಟಿ ನೀರಿನ ಮಾದರಿ ಎತ್ತುವ ಪಾರದರ್ಶಕ ಕೊಳವೆಗಳಾದ ಬೇಲರ್‌ಗಳು, ಬಾವಿಗೊಂದರಂತೆ ಹೊಸ ನೈಲಾನ್ ಹಗ್ಗ, ನೈಟ್ರೈಲ್ ಕೈಗವಸುಗಳ ಪೂರ್ತಿ ಡಬ್ಬಿ, ಪಿಎಚ್, ವಿದ್ಯುತ್ ವಾಹಕತೆ ಮತ್ತು ಕರಗಿದ ಆಮ್ಲಜನಕ ಅಳೆಯುವ ಮೀಟರ್, ಮಂಜುಗಡ್ಡೆ ತುಂಬಿದ ಥರ್ಮೋಕೋಲ್ ಪೆಟ್ಟಿಗೆ, ಬಾವಿಯಿಂದ ತೆಗೆದ ನೀರು ಸುರಿಯಲು ಮುಚ್ಚಳವಿರುವ ಡ್ರಮ್ಮು ಬೇಕು. ಮಾದರಿಯ ಸೀಸೆಗಳನ್ನು ಪ್ರಯೋಗಾಲಯದಿಂದಲೇ ತರಿಸಿಕೊಳ್ಳಿ, ಅಂಗಡಿಯಲ್ಲಿ ಕೊಳ್ಳಬೇಡಿ.

ಹಂತ 1: ಮೊದಲ ದಿನ, ಬೆಂಕಿ ಮತ್ತು ಆವಿಯಿಂದ ರಕ್ಷಣೆ

ನೀರಿನ ಪರೀಕ್ಷೆಗಿಂತ ಮುಂಚೆ ಗಾಳಿಯ ಪರೀಕ್ಷೆ ಆಗಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ ಅದು ಮೇಲೇರಿ ಚದುರಿ ಹೋಗದೆ ಬಾವಿಯ ಒಳಗೆ, ಗಟಾರದಲ್ಲಿ, ಶೌಚಗುಂಡಿಯಲ್ಲಿ ಮತ್ತು ತಗ್ಗಿನ ಮನೆಗಳಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಶೇಕಡಾ 1.4 ತಲುಪಿದರೆ ಒಂದು ಕಿಡಿ ಸಾಕು. ಡಿಟೆಕ್ಟರ್ ಈ ಕೆಳಮಿತಿಯ ಹತ್ತನೆಯ ಒಂದು ಭಾಗ ತೋರಿಸಿದ ಕ್ಷಣವೇ ಜನರನ್ನು ದೂರ ಕಳಿಸಿ, 101 ಅಥವಾ 112ಕ್ಕೆ ಕರೆ ಮಾಡಿ.

ಬಾವಿಯ ಪಕ್ಕದ ಪಂಪಿನ ಸ್ವಿಚ್ಚನ್ನು ಆರಿಸಲೂಬೇಡಿ, ಹಾಕಲೂಬೇಡಿ. ದೂರದ ಮುಖ್ಯ ಫ್ಯೂಸಿನಲ್ಲಿ ವಿದ್ಯುತ್ ಕಡಿತ ಮಾಡಿಸಿ. ಕಡ್ಡಿ ಗೀರಿ ನೀರಿಗೆ ಎಸೆದು ಉರಿಯುತ್ತದೆಯೇ ಎಂದು ನೋಡುವ ಹುಚ್ಚು ಕುತೂಹಲ ನಮ್ಮ ಹುಡುಗರಲ್ಲಿ ಬಹಳ, ಅದನ್ನು ಗದರಿಸಿಯಾದರೂ ತಡೆಯಬೇಕು. ಬಿದ್ದ ಕೊಡವನ್ನೋ ಮೋಟರನ್ನೋ ತೆಗೆಯಲು ಯಾರನ್ನೂ ಬಾವಿಗೆ ಇಳಿಸಬಾರದು. ಇಳಿದವನನ್ನು ಎತ್ತಲು ಇಳಿದ ಎರಡನೆಯವನೂ ಮೇಲೆ ಬಾರದಿರುವುದು ಇಂಥ ಅಪಘಾತಗಳ ಸಾಮಾನ್ಯ ಕಥೆ.

ಬ್ಲೀಚಿಂಗ್ ಪೌಡರ್ ಹಾಕುವುದು ಇನ್ನೊಂದು ಅಭ್ಯಾಸ. ಅದು ರೋಗಾಣುಗಳಿಗೆ ಮದ್ದೇ ಹೊರತು ಪೆಟ್ರೋಲಿಗಲ್ಲ. ಅದು ತೀವ್ರ ಆಕ್ಸಿಡೀಕಾರಕ ವಸ್ತುವಾದ್ದರಿಂದ ತೈಲ ತೇಲುತ್ತಿರುವ ಬಾವಿಗೆ ಸುರಿದರೆ ಶಾಖ ಹುಟ್ಟಿ ಬೆಂಕಿಯ ಅಪಾಯವೇ ಹೆಚ್ಚುತ್ತದೆ. ನೀರು ಕುದಿಸುವುದೂ ಪರಿಹಾರವಲ್ಲ. ಪೆಟ್ರೋಲಿನಲ್ಲಿರುವ ವಿಷಕಾರಿ ಅಂಶವಾದ ಬೆಂಜೀನ್ ನೀರಿನಿಂದ ಎದ್ದು ಅಡುಗೆಮನೆಯ ಗಾಳಿಗೆ ಸೇರುತ್ತದೆ. ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಮೂರಕ್ಕೂ ಆ ನೀರನ್ನು ನಿಲ್ಲಿಸಿ ಟ್ಯಾಂಕರ್ ಅಥವಾ ನಲ್ಲಿ ನೀರಿನ ವ್ಯವಸ್ಥೆ ಕೇಳಬೇಕು.

ಮೂಗನ್ನು ನಂಬಬೇಡಿ. ಕುಡಿಯುವ ನೀರಿನಲ್ಲಿ ಬೆಂಜೀನಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ನೀರಿನಲ್ಲಿ ಬೆಂಜೀನಿನ ವಾಸನೆ ತಿಳಿಯಬೇಕಾದರೆ ಅದು ಲೀಟರಿಗೆ 10 ಮಿಲಿಗ್ರಾಂ ಆಸುಪಾಸು, ಎಂದರೆ ಮಿತಿಯ ಸಾವಿರ ಪಟ್ಟು ಇರಬೇಕು. ಪೆಟ್ರೋಲಿನ ಇತರ ಅಂಶಗಳ ವಾಸನೆ ಬೇಗ ತಿಳಿಯುತ್ತದೆ ನಿಜ, ಆದರೆ ವಾಸನೆ ಇಲ್ಲದ ಮಾತ್ರಕ್ಕೆ ನೀರು ಸುರಕ್ಷಿತವೆಂದು ಹೇಳುವಂತಿಲ್ಲ.

ಹಂತ 2: ಲಿಖಿತ ದೂರು ಮತ್ತು ಕಾನೂನಿನ ದಾರಿ

ಇದನ್ನು ಮೊದಲ ವಾರದಲ್ಲೇ ಮುಗಿಸಿ. 1974ರ ಜಲ ಮಾಲಿನ್ಯ ಕಾಯ್ದೆಯ 31ನೆಯ ಕಲಮಿನ ಪ್ರಕಾರ ಅಪಘಾತದಿಂದ ಮಾಲಿನ್ಯಕಾರಕ ವಸ್ತು ಬಾವಿಗೋ ಹೊಳೆಗೋ ಸೇರಿದರೆ ಆ ಸ್ಥಳದ ಹೊಣೆ ಹೊತ್ತವರೇ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಬೇಕು. ಅವರು ತಿಳಿಸಿರಬಹುದೆಂದು ಸುಮ್ಮನಿರದೆ ಗೋವಾ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಮಾಮಲೇದಾರರ ಕಚೇರಿ ಮತ್ತು ಪಂಚಾಯತಿ ಅಥವಾ ನಗರಸಭೆಗೆ ನೀವೂ ಅರ್ಜಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

ನೀವು ಕೊಡಿಸುವ ಖಾಸಗಿ ವರದಿ ನಿಮ್ಮ ತಿಳಿವಳಿಕೆಗೆ ಮತ್ತು ಒತ್ತಡ ಹೇರುವುದಕ್ಕೆ ಉಪಯೋಗವಾಗುತ್ತದೆ. ಮಂಡಳಿಯು ಕಾನೂನು ಕ್ರಮಕ್ಕಾಗಿ ತೆಗೆಯುವ ಮಾದರಿಯ ರೀತಿ ಬೇರೆ: 21ನೆಯ ಕಲಮಿನಂತೆ ಸ್ಥಳದ ಹೊಣೆಗಾರರಿಗೆ ನೋಟಿಸು ಕೊಟ್ಟು, ಮಾದರಿಯನ್ನು ಎರಡು ಪಾಲು ಮಾಡಿ, ಮೊಹರು ಮತ್ತು ಸಹಿ ಹಾಕಬೇಕು. ಈ ವಿಧಿ ತಪ್ಪಿದರೆ ನ್ಯಾಯಾಲಯದಲ್ಲಿ ವರದಿ ನಿಲ್ಲುವುದಿಲ್ಲ. ಆದ್ದರಿಂದ ಅಧಿಕಾರಿಗಳು ಬಂದಾಗ ಸ್ಥಳದಲ್ಲಿದ್ದು ಗಮನಿಸಿ. ಪರಿಹಾರ ಮತ್ತು ಪರಿಸರ ಪುನಃಸ್ಥಾಪನೆಗಾಗಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ 2010ರ ಕಾಯ್ದೆಯ 15ನೆಯ ಕಲಮಿನಡಿ ಅರ್ಜಿ ಹಾಕಲು ಐದು ವರ್ಷಗಳ ಅವಧಿ ಇದೆ. ಆದರೆ ಪುರಾವೆ ಐದು ವರ್ಷ ಕಾಯುವುದಿಲ್ಲ.

ಹಂತ 3: ನೆಲ ಮತ್ತು ಬಾವಿಗಳ ನಕ್ಷೆ

ಸೋರಿಕೆ ನಿಂತಿದೆ ಎಂದು ಪೈಪ್‌ಲೈನಿನವರು ಒತ್ತಡ ಪರೀಕ್ಷೆಯ ದಾಖಲೆಯೊಂದಿಗೆ ಬರೆದುಕೊಡುವವರೆಗೆ ಸೋರಿಕೆ ಮುಂದುವರಿದಿದೆ ಎಂದೇ ಭಾವಿಸಿ ಕೆಲಸ ಮಾಡಿ. ಅಷ್ಟರಲ್ಲಿ ಒಂದು ನಕ್ಷೆಯಲ್ಲಿ ಪೈಪ್‌ಲೈನಿನ ದಾರಿ, ತೆರೆದ ಬಾವಿಗಳು, ಬೋರ್‌ವೆಲ್‌ಗಳು, ಝರಿಗಳು, ನಾಲೆಗಳು, ಶೌಚಗುಂಡಿಗಳು, ಹತ್ತಿರದ ಪೆಟ್ರೋಲ್ ಪಂಪು ಮತ್ತು ಗ್ಯಾರೇಜುಗಳನ್ನು ಗುರುತಿಸಿ. ಪ್ರತಿ ಬಾವಿಗೂ ಒಂದು ಸಂಖ್ಯೆ ಕೊಟ್ಟು ಕಟ್ಟೆಯ ಮೇಲೆ ಬಣ್ಣದಲ್ಲಿ ಒಂದು ಚುಕ್ಕೆ ಇಡಿ. ಮುಂದಿನ ಎಲ್ಲ ಅಳತೆಗಳೂ ಆ ಚುಕ್ಕೆಯಿಂದಲೇ ಆಗಬೇಕು. ಇವತ್ತು ಕಟ್ಟೆಯ ಈ ಮೂಲೆಯಿಂದ, ನಾಳೆ ಆ ಮೂಲೆಯಿಂದ ಅಳೆದು ವರ್ಷದ ಶ್ರಮವನ್ನು ಕಸ ಮಾಡಿದವರನ್ನು ನೋಡಿದ್ದೇನೆ.

ಇಲ್ಲಿನ ನೆಲದ ಗುಣ ತಿಳಿಯದೆ ನಕ್ಷೆ ಅರ್ಥವಾಗದು. ಮೇಲಿರುವುದು ನಾವು ಮನೆ ಕಟ್ಟುವ ಜಂಬಿಟ್ಟಿಗೆ. ಕರಾವಳಿಯವರು ಮುರಕಲ್ಲು ಅಥವಾ ಚೀರೆಕಲ್ಲು ಎನ್ನುತ್ತಾರೆ. ಅದರ ತುಂಬ ರಂಧ್ರಗಳೂ ಕೆಲವೆಡೆ ಕೈ ಹೋಗುವಷ್ಟು ದೊಡ್ಡ ಬಿಲದಂಥ ದಾರಿಗಳೂ ಇರುತ್ತವೆ. ಕೆಳಗೆ ಹಲವು ಕಡೆ ನೀರನ್ನು ಸುಲಭವಾಗಿ ಬಿಟ್ಟುಕೊಡದ ಶೇಡಿ ಮಣ್ಣಿನ ಪದರವಿದೆ. ಹೀಗಾಗಿ ತೈಲ ಮರಳಿನಲ್ಲಿ ಹರಡಿದಂತೆ ಒಂದೇ ಸಮನೆ ಹರಡುವುದಿಲ್ಲ. ಪಕ್ಕದ ಬಾವಿಯನ್ನು ಬಿಟ್ಟು ಅದರಾಚೆಯ ಝರಿಯಲ್ಲಿ ಕಾಣಿಸಿಕೊಳ್ಳಬಹುದು. ನಮ್ಮ ಬಾವಿ ಪೈಪಿಗೆ ಹತ್ತಿರ, ಆದರೂ ಚೆನ್ನಾಗಿದೆ, ಆದ್ದರಿಂದ ಸೋರಿಕೆ ದೊಡ್ಡದಲ್ಲ ಎಂಬ ವಾದ ಈ ನೆಲದಲ್ಲಿ ನಡೆಯದು.

ಹಂತ 4: ವೀಕ್ಷಣಾ ಬಾವಿಗಳು

ಮನೆಬಾವಿಗಳು ಎಚ್ಚರಿಕೆಯ ಗಂಟೆಗಳಷ್ಟೇ. ತೆರೆದ ಬಾವಿಯಿಂದ ಬೆಂಜೀನ್ ಗಾಳಿಗೆ ಹಾರುತ್ತಿರುತ್ತದೆ, ಮಳೆನೀರು ಬೆರೆಯುತ್ತಿರುತ್ತದೆ, ದಿನವೂ ನೀರೆತ್ತುವುದರಿಂದ ಮಟ್ಟ ಕದಲುತ್ತಿರುತ್ತದೆ. ನಿಖರವಾದ ನಿಗಾಗೆ ಕಿರಿದಾದ ವೀಕ್ಷಣಾ ಬಾವಿಗಳನ್ನು ಕೊರೆಸಬೇಕು, ಮತ್ತು ಅದರ ಖರ್ಚು ಸೋರಿಕೆ ಮಾಡಿದವರದು. ಗೋವಾದಲ್ಲಿ 2002ರ ಅಂತರ್ಜಲ ನಿಯಂತ್ರಣ ಕಾಯ್ದೆಯಡಿ ಬಾವಿ ತೋಡಲು ಅನುಮತಿ ಬೇಕು ಎಂಬುದನ್ನು ಗುತ್ತಿಗೆದಾರ ಮರೆಯದಂತೆ ನೋಡಿಕೊಳ್ಳಿ.

ಹರಿವಿನ ದಿಕ್ಕು ತಿಳಿಯಲು ಕನಿಷ್ಠ ಮೂರು ಬಾವಿಗಳು ಬೇಕು, ಅವು ಒಂದೇ ಸಾಲಿನಲ್ಲಿ ಇರಬಾರದು. ಒಂದು ಸೋರಿಕೆಯ ಮೇಲ್ಗಡೆ ಶುದ್ಧ ನೆಲದಲ್ಲಿ, ಒಂದು ಸೋರಿಕೆಯ ಬಳಿ, ಉಳಿದವು ಕೆಳಗಡೆ ಮನೆಗಳತ್ತ.

ಇಲ್ಲಿ ನಡೆಯುವ ಒಂದು ದೊಡ್ಡ ತಪ್ಪನ್ನು ಬಿಡಿಸಿ ಹೇಳಬೇಕು. ನೀರು ಒಳಬರುವ ತೂತುಗಳಿರುವ ಸ್ಲಾಟೆಡ್ ಪೈಪು ಮಳೆಗಾಲದ ಅತಿ ಮೇಲಿನ ನೀರ್ಮಟ್ಟಕ್ಕಿಂತ ಸ್ವಲ್ಪ ಮೇಲಿನಿಂದ ಹಿಡಿದು ಮೇ ತಿಂಗಳ ಅತಿ ಕೆಳಗಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿನವರೆಗೂ ಇರಬೇಕು. ತೈಲ ತೇಲುವುದು ನೀರಿನ ಮೇಲೆ. ಕೊರೆಯುವವನು ವಾಡಿಕೆಯ ಬೋರ್‌ವೆಲ್‌ನಂತೆ ಮೇಲೆಲ್ಲ ಗಟ್ಟಿ ಕೇಸಿಂಗ್ ಇಳಿಸಿ ತಳದಲ್ಲಷ್ಟೇ ತೂತು ಬಿಟ್ಟರೆ, ಹೊರಗೆ ಗೇಣುದ್ದ ತೈಲ ನಿಂತಿದ್ದರೂ ಒಳಗೆ ಹನಿಯೂ ಕಾಣದು. ವರದಿಯಲ್ಲಿ ಪ್ರತಿ ಬಾವಿಯ ತೂತುಪೈಪಿನ ಮೇಲಂಚು ಮತ್ತು ಕೆಳಂಚಿನ ಆಳವನ್ನು ಬರೆದಿದ್ದಾರೆಯೇ ಎಂದು ಮೊದಲು ಹುಡುಕಿ. ಇಲ್ಲದಿದ್ದರೆ ಆ ಬಾವಿ ತೈಲವಿಲ್ಲ ಎಂದು ಹೇಳುವ ಮಾತಿಗೆ ಬೆಲೆ ಕೊಡಬೇಡಿ. ಹಾಗೆಯೇ ಶೇಡಿ ಮಣ್ಣನ್ನು ಸೀಳಿ ಆಳಕ್ಕೆ ಕೊರೆಯಲು ಬಿಡಬೇಡಿ, ಮೇಲಿನ ಕೊಳಕಿಗೆ ಕೆಳಗಿನ ಬಂಡೆಯ ನೀರಿಗೆ ಇಳಿಯಲು ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಹಂತ 5: ನೀರಿನ ಮಟ್ಟ ಮತ್ತು ತೈಲದ ದಪ್ಪ ಅಳೆಯುವುದು

ಎಲ್ಲ ಬಾವಿಗಳನ್ನೂ ಒಂದೇ ದಿನ, ಯಾವ ಬಾವಿಯಿಂದಲೂ ನೀರೆತ್ತುವ ಮೊದಲು ಅಳೆಯಬೇಕು. ಸಮುದ್ರಕ್ಕೋ ಝುವಾರಿ ನದಿಗೋ ಹತ್ತಿರದ ಬಾವಿಗಳಾದರೆ ಪ್ರತಿ ಬಾರಿಯೂ ಉಬ್ಬರ ಇಳಿತದ ಒಂದೇ ಹೊತ್ತನ್ನು ಆರಿಸಿಕೊಳ್ಳಿ, ಇಲ್ಲವಾದರೆ ಕಡಲಿನ ಏರಿಳಿತವನ್ನೇ ಅಂತರ್ಜಲದ ಹರಿವೆಂದು ತಪ್ಪು ತಿಳಿಯುವಿರಿ.

ತೈಲ ಇರುವ ಬಾವಿಯಲ್ಲಿ ಎರಡು ಆಳಗಳನ್ನು ಬರೆದುಕೊಳ್ಳಬೇಕು: ತೈಲದ ಮೇಲ್ಮೈ ಮತ್ತು ತೈಲ ಮುಗಿದು ನೀರು ಆರಂಭವಾಗುವ ಗಡಿ. ತೈಲದ ಭಾರಕ್ಕೆ ನೀರು ಕೆಳಗೆ ಒತ್ತಿಕೊಂಡಿರುವುದರಿಂದ ಅದನ್ನು ತಿದ್ದಬೇಕು. ಉದಾಹರಣೆಗೆ ಕಟ್ಟೆಯ ಚುಕ್ಕೆಯ ಎತ್ತರ 24.60 ಮೀಟರ್, ತೈಲ 8.10 ಮೀಟರ್ ಆಳದಲ್ಲಿ, ನೀರು 8.42 ಮೀಟರ್ ಆಳದಲ್ಲಿ ಎಂದಿಟ್ಟುಕೊಳ್ಳೋಣ. ನೀರಿನ ಗಡಿಯ ಎತ್ತರ 16.18 ಮೀಟರ್, ತೈಲದ ದಪ್ಪ 0.32 ಮೀಟರ್. ಪೆಟ್ರೋಲಿನ ಸಾಂದ್ರತೆ 0.74 ಎಂದು ಹಿಡಿದು ದಪ್ಪವನ್ನು ಅದರಿಂದ ಗುಣಿಸಿದರೆ ಸುಮಾರು 0.24, ಅದನ್ನು ಕೂಡಿಸಿದಾಗ ಸರಿಯಾದ ನೀರ್ಮಟ್ಟ 16.42 ಮೀಟರ್. ತಿದ್ದದೆ ಬಿಟ್ಟರೆ 24 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ, ಮತ್ತು ಸಮತಟ್ಟಾದ ಜಾಗದಲ್ಲಿ ಹರಿವಿನ ದಿಕ್ಕನ್ನೇ ತಿರುಗಿಸಿ ತೋರಿಸಲು ಅಷ್ಟು ಸಾಕು. ಡೀಸೆಲ್ ಆದರೆ ಸಾಂದ್ರತೆ 0.82ರಿಂದ 0.86ರ ನಡುವೆ ಇರುತ್ತದೆ.

ಬಾವಿಯೊಳಗೆ ಕಾಣುವ ದಪ್ಪವೇ ಹೊರಗಿನ ಕಲ್ಲಿನಲ್ಲೂ ಇದೆ ಎಂದು ಲೆಕ್ಕ ಹಾಕಬೇಡಿ. ಸಾಮಾನ್ಯವಾಗಿ ಬಾವಿ ದಪ್ಪವನ್ನು ಹಿಗ್ಗಿಸಿ ತೋರಿಸುತ್ತದೆ, ಮತ್ತು ನೀರು ಏರಿಳಿದಂತೆ ಅದು ಬದಲಾಗುತ್ತದೆ.

ಮಳೆಗಾಲದ ಮೋಸ ಇಲ್ಲಿಯೇ ಇರುವುದು. ನೀರ್ಮಟ್ಟ ಏರಿದಾಗ ತೈಲವೆಲ್ಲ ಅದರೊಂದಿಗೆ ಏರುವುದಿಲ್ಲ. ಬಹುಭಾಗ ಜಂಬಿಟ್ಟಿಗೆಯ ರಂಧ್ರಗಳಲ್ಲಿ ಹನಿಹನಿಯಾಗಿ ಸಿಕ್ಕಿಹಾಕಿಕೊಂಡು ನೀರಿನಡಿಯಲ್ಲಿ ಉಳಿಯುತ್ತದೆ. ಬಾವಿಯಲ್ಲಿ ತೈಲ ಕಾಣುವುದಿಲ್ಲ, ಹೊಸ ಮಳೆನೀರು ಬೆರೆತು ವಾಸನೆಯೂ ತಗ್ಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಸಿಕ್ಕಿಬಿದ್ದದ್ದು ಸಡಿಲಗೊಂಡು ಮತ್ತೆ ಬಾವಿಗೆ ಹರಿದು ಬರುತ್ತದೆ. ಒಮ್ಮೆ ಜುಲೈನಲ್ಲಿ ವಿಜಯಪುರದ ಕಡೆಯ ಹಿರಿಯಮ್ಮ ಒಬ್ಬರು ಕೊಡ ಕೈಯಲ್ಲಿ ಹಿಡಿದುಕೊಂಡೇ ಕೇಳಿದ್ದರು: "ಈಗ ವಾಸ್ನಿ ಹೋಗೇದ್ರಿ ಸರ, ಇನ್ನ ಭಾಂಡಿ ತಿಕ್ಕಾಕರ ತುಗೊಬೌದೇನ್ರಿ?" ಬೇಡ ಎಂದೆ. ನೀರು ಕನ್ನಡಿಯಂತೆ ತಿಳಿಯಾಗಿತ್ತು, ಅವರಿಗೆ ನನ್ನ ಮಾತು ಹಿಡಿಸಲಿಲ್ಲ. ಏಪ್ರಿಲ್ ಕೊನೆಯ ವಾರ ಅದೇ ಬಾವಿಯ ಬೇಲರ್ ಮೇಲೆ ಬಂದಾಗ ನೀರಿನ ಮೇಲೆ ಎರಡು ಬೆರಳು ದಪ್ಪದ ಹಳದಿ ಪದರ ನಿಂತಿತ್ತು.

ಹಂತ 6: ಮಾದರಿ ತೆಗೆಯುವುದು

ಅತಿ ಹೆಚ್ಚು ಜನ ಸೋಲುವುದು ಈ ಹಂತದಲ್ಲಿ. ಶುದ್ಧ ಬಾವಿಯಿಂದ ಆರಂಭಿಸಿ ಕೊಳಕು ಬಾವಿಯಲ್ಲಿ ಮುಗಿಸಿ. ಹಿಂದುಮುಂದಾದರೆ ಹಗ್ಗ, ಕೈ, ಮೀಟರ್ ಎಲ್ಲವೂ ಶುದ್ಧ ನೀರಿಗೆ ಪೆಟ್ರೋಲು ಹಚ್ಚುತ್ತವೆ. ಅಂದು ಬೆಳಿಗ್ಗೆ ಸ್ಕೂಟರಿಗೆ ಪೆಟ್ರೋಲು ಹಾಕಿಸಬೇಡಿ, ಹಿಂದಿನ ದಿನವೇ ಹಾಕಿಸಿ. ಗಾಡಿ ಮತ್ತು ಜನರೇಟರನ್ನು ಗಾಳಿ ನಿಮ್ಮಿಂದ ಅತ್ತ ಬೀಸುವ ಕಡೆ ದೂರದಲ್ಲಿ ನಿಲ್ಲಿಸಿ. ಸೀಸೆಯ ಚೀಟಿಗೆ ಘಾಟು ಬೀರುವ ಮಾರ್ಕರ್ ಪೆನ್ನು ಬೇಡ, ಬಾಲ್ ಪೆನ್ನು ಸಾಕು.

ವೀಕ್ಷಣಾ ಬಾವಿಯಲ್ಲಿ ನಿಂತ ನೀರು ಹಳಸಲು. ನಿಧಾನವಾಗಿ, ನಿಮಿಷಕ್ಕೆ ಅರ್ಧ ಲೀಟರಿಗೆ ಮೀರದಂತೆ ಪಂಪು ಮಾಡುತ್ತ ಮೂರರಿಂದ ಐದು ನಿಮಿಷಕ್ಕೊಮ್ಮೆ ಮೀಟರ್ ಓದಿ. ಸತತ ಮೂರು ಓದುಗಳಲ್ಲಿ ಪಿಎಚ್ 0.1ರೊಳಗೆ, ವಾಹಕತೆ ಶೇಕಡಾ 3ರೊಳಗೆ, ಕರಗಿದ ಆಮ್ಲಜನಕ ಶೇಕಡಾ 10ರೊಳಗೆ ನಿಂತರೆ ನೆಲದೊಳಗಿನ ನೀರು ಬರುತ್ತಿದೆ ಎಂದರ್ಥ. ಅಂಥ ಪಂಪು ಇಲ್ಲದಿದ್ದರೆ ಬಾವಿಯಲ್ಲಿರುವ ನೀರಿನ ಮೂರು ಪಟ್ಟು ತೆಗೆದು ಮಾದರಿ ಹಿಡಿಯಿರಿ. ನಾಲ್ಕಿಂಚಿನ ಬಾವಿಯಲ್ಲಿ ಪ್ರತಿ ಮೀಟರಿಗೆ ಸುಮಾರು 8 ಲೀಟರ್ ನೀರಿರುತ್ತದೆ. ತೆಗೆದ ನೀರು ಡ್ರಮ್ಮಿಗೆ ಹೋಗಬೇಕು, ತೆಂಗಿನ ಬುಡಕ್ಕಲ್ಲ. ತೈಲ ತೇಲುತ್ತಿರುವ ಬಾವಿಯಲ್ಲಿ ಕರಗಿದ ಅಂಶದ ಮಾದರಿ ತೆಗೆಯುವುದು ವ್ಯರ್ಥ. ದಪ್ಪ ಬರೆದುಕೊಂಡು, ತೈಲದ ಸ್ವಲ್ಪ ಮಾದರಿಯನ್ನು ಗುರುತು ಹಿಡಿಯಲು ಬೇರೆಯಾಗಿ ಇಟ್ಟುಕೊಳ್ಳಿ.

ಈಗ ಸೀಸೆ. ಬೆಂಜೀನ್ ಗುಂಪಿನ ಪರೀಕ್ಷೆಗೆ ಪ್ರಯೋಗಾಲಯ 40 ಮಿಲಿಲೀಟರಿನ ಗಾಜಿನ ಸಣ್ಣ ಸೀಸೆ ಕೊಡುತ್ತದೆ, ಅದರ ತಳದಲ್ಲಿ ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಸೀಸೆಯನ್ನು ಬಾವಿನೀರಿನಲ್ಲಿ ಮೂರು ಸಲ ತೊಳೆದು ತುಂಬಿಸುವ ಒಳ್ಳೆಯ ಅಭ್ಯಾಸ ಇಲ್ಲಿ ಕೆಡುಕು ಮಾಡುತ್ತದೆ, ಏಕೆಂದರೆ ಆಮ್ಲವೇ ತೊಳೆದು ಹೋಗುತ್ತದೆ. ಬೇಲರ್‌ನಿಂದ ನೀರನ್ನು ಸೀಸೆಯ ಒಳಗೋಡೆಗೆ ತಾಗಿಸಿ, ಸದ್ದಾಗದಂತೆ, ಹಾಲಿಗೆ ಹೆಪ್ಪು ಬಿಡುವಷ್ಟು ಮೆಲ್ಲಗೆ ಬಿಡಿ. ಬಾಯಿಯ ಮೇಲೆ ನೀರು ಉಬ್ಬಿ ನಿಂತಾಗ ಮುಚ್ಚಳ ಜಾರಿಸಿ ಬಿಗಿಯಿರಿ. ಸೀಸೆಯನ್ನು ತಲೆಕೆಳಗೆ ಮಾಡಿ ಬೆರಳಿನಿಂದ ತಟ್ಟಿ. ಬಟಾಣಿ ಗಾತ್ರದ ಗುಳ್ಳೆ ಎದ್ದರೆ ಆ ಸೀಸೆ ಕೆಟ್ಟಿತು, ಹೊಸದನ್ನು ತೆಗೆದುಕೊಳ್ಳಿ. ಪ್ರತಿ ಬಾವಿಗೆ ಎರಡು ಮೂರು ಸೀಸೆ ತುಂಬಿಸಿ, ತಕ್ಷಣ ಮಂಜುಗಡ್ಡೆಯಲ್ಲಿಡಿ. ಆಮ್ಲ ಸೇರಿಸಿ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟ ಮಾದರಿಯನ್ನು 14 ದಿನಗಳೊಳಗೆ ಪರೀಕ್ಷಿಸಬೇಕು.

ನಾನೇ ಹೊಸದರಲ್ಲಿ ಒಂದು ಮೇ ಮಧ್ಯಾಹ್ನ ಮುಕ್ಕಾಲು ತುಂಬಿದ ಬಾಟಲಿಗಳನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಪಣಜಿಯವರೆಗೆ ಒಯ್ದಿದ್ದೆ. ವಾಸನೆಯಿಂದ ತಲೆ ಸಿಡಿಯುತ್ತಿದ್ದ ಬಾವಿಗೆ "ಪತ್ತೆಯಾಗಿಲ್ಲ" ಎಂಬ ವರದಿ ಬಂತು. ಪ್ರಯೋಗಾಲಯ ಒಂದು ಮಾತೂ ಕೇಳದೆ ಆ ಮಾದರಿಯನ್ನು ಒಪ್ಪಿಕೊಂಡಿತ್ತು.

ಎರಡು ಕಾವಲು ಸೀಸೆಗಳನ್ನು ಮರೆಯಬೇಡಿ. ಶುದ್ಧ ನೀರು ತುಂಬಿ ಪ್ರಯೋಗಾಲಯದಿಂದ ಬಂದು, ತೆರೆಯದೆಯೇ ಅಲ್ಲಿಗೆ ಮರಳುವ ಸೀಸೆ ದಾರಿಯಲ್ಲಿ ಕೊಳಕು ಸೇರಿತೇ ಎಂದು ಹೇಳುತ್ತದೆ. ಹತ್ತು ಮಾದರಿಗೊಂದರಂತೆ ಬೇರೆ ಹೆಸರಿನಲ್ಲಿ ಕೊಡುವ ಜೋಡಿ ಸೀಸೆ ಪ್ರಯೋಗಾಲಯವನ್ನು ಎಷ್ಟು ನಂಬಬಹುದು ಎಂದು ತೋರಿಸುತ್ತದೆ.

ಹಂತ 7: ಯಾವ ಪರೀಕ್ಷೆ, ಯಾವ ಪ್ರಯೋಗಾಲಯ

"ಆಯಿಲ್ ಅಂಡ್ ಗ್ರೀಸ್" ಪರೀಕ್ಷೆ ಅಗ್ಗ, ಎಲ್ಲೆಡೆ ಸಿಗುತ್ತದೆ, ಮತ್ತು ಪೆಟ್ರೋಲಿಗೆ ನಿರುಪಯೋಗಿ. ಅದರಲ್ಲಿ ದ್ರಾವಕವನ್ನು ಕಾಯಿಸಿ ಹಾರಿಸಿ ಉಳಿದದ್ದನ್ನು ತೂಗುತ್ತಾರೆ. ಪೆಟ್ರೋಲಿನ ಹಗುರ ಅಂಶಗಳು ದ್ರಾವಕದ ಜೊತೆಗೇ ಹಾರಿಹೋಗುತ್ತವೆ. ಬೆಂಜೀನ್, ಟಾಲ್ಯೂಯಿನ್, ಈಥೈಲ್‌ಬೆಂಜೀನ್, ಝೈಲೀನ್ ನಾಲ್ಕನ್ನೂ ಗ್ಯಾಸ್ ಕ್ರೊಮ್ಯಾಟೋಗ್ರಫಿಯಿಂದ (ಬೆರೆತ ಅಂಶಗಳನ್ನು ಆವಿಯಾಗಿಸಿ ಬೇರ್ಪಡಿಸಿ ಅಳೆಯುವ ವಿಧಾನ) ಅಳೆದು ಕೊಡಬೇಕೆಂದು ಬರೆದು ಕೇಳಿ. ಡೀಸೆಲ್ ಅಥವಾ ಸೀಮೆಎಣ್ಣೆಯ ಶಂಕೆಯಿದ್ದರೆ ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್, ನ್ಯಾಫ್ತಲೀನ್ ಸೇರಿಸಿ. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಎಂಬ ಫಲಕ ಸಾಲದು, ಮಾನ್ಯತೆಯ ಪಟ್ಟಿಯಲ್ಲಿ ನೀರಿನ ಬೆಂಜೀನ್ ಪರೀಕ್ಷೆ ಇದೆಯೇ ಎಂದು ನೋಡಿ.

ವರದಿ ಬಂದಾಗ ಮೊದಲು ಓದಬೇಕಾದದ್ದು ಪತ್ತೆಯ ಕನಿಷ್ಠ ಮಿತಿ. ಲೀಟರಿಗೆ 50 ಮೈಕ್ರೋಗ್ರಾಂಗಿಂತ ಕೆಳಗೆ ಕಾಣಲಾರದ ಯಂತ್ರ "ಪತ್ತೆಯಾಗಿಲ್ಲ" ಎಂದರೆ, 10 ಮೈಕ್ರೋಗ್ರಾಂ (0.01 ಮಿಲಿಗ್ರಾಂ) ಮಿತಿಯ ಬಗ್ಗೆ ಅದು ಏನನ್ನೂ ಹೇಳಿಲ್ಲ. ಮಿಲಿಗ್ರಾಂ ಮತ್ತು ಮೈಕ್ರೋಗ್ರಾಂ ಅದಲು ಬದಲಾಗಿರುವುದನ್ನೂ ಕಂಡಿದ್ದೇನೆ. ಹೋಲಿಕೆಗೆ: ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಟಾಲ್ಯೂಯಿನ್‌ಗೆ ಲೀಟರಿಗೆ 0.7, ಈಥೈಲ್‌ಬೆಂಜೀನ್‌ಗೆ 0.3, ಝೈಲೀನ್‌ಗೆ 0.5 ಮಿಲಿಗ್ರಾಂ, ಭಾರತೀಯ ಮಾನಕ 10500ರಲ್ಲಿ ಖನಿಜ ತೈಲಕ್ಕೆ 0.5 ಮಿಲಿಗ್ರಾಂ.

ಇದು ನಮ್ಮ ತೈಲವಲ್ಲ, ಪೆಟ್ರೋಲ್ ಪಂಪಿನದು ಎಂಬ ಉತ್ತರ ಬಂದೇ ಬರುತ್ತದೆ. ತೇಲುವ ತೈಲದ ಕ್ರೊಮ್ಯಾಟೋಗ್ರಾಂ, ಎಂದರೆ ಆ ಪರೀಕ್ಷೆಯ ಗೆರೆಚಿತ್ರ, ಅದು ನಾಫ್ತಾವೋ ಪೆಟ್ರೋಲೋ ಡೀಸೆಲ್ಲೋ ಎಂದು ಬೇರ್ಪಡಿಸುತ್ತದೆ. ಎಥನಾಲ್ ಬೆರೆಸುವುದು ಸಾಮಾನ್ಯವಾಗಿ ಪೈಪ್‌ಲೈನ್ ದಾಟಿದ ಮೇಲೆ ಡಿಪೋದಲ್ಲಿ ಆದ್ದರಿಂದ ನೀರಿನಲ್ಲಿ ಎಥನಾಲ್ ಸಿಕ್ಕರೆ ಪಂಪಿನ ಕಡೆ ಬೆರಳು ತೋರುತ್ತದೆ. ಸಿಗದಿದ್ದರೆ ಏನೂ ಸಾಬೀತಾಗದು, ಏಕೆಂದರೆ ಅದು ನೆಲದಲ್ಲಿ ಬೇಗ ಕೊಳೆಯುತ್ತದೆ. ತೈಲದಲ್ಲಿ ಸೀಸವಿದ್ದರೆ ಅದು ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದ 2000ನೇ ಇಸವಿಗಿಂತ ಹಳೆಯ ಸೋರಿಕೆಯಾಗಿರುವ ಸಂಭವ ಹೆಚ್ಚು.

ಹಂತ 8: ಶುದ್ಧೀಕರಣದ ಅನುಕ್ರಮ

ಸೋರಿಕೆ ನಿಲ್ಲಿಸುವುದು, ತೇಲುವ ತೈಲ ತೆಗೆಯುವುದು, ಕಲ್ಲುಮಣ್ಣಿನಲ್ಲಿ ಸಿಕ್ಕಿದ್ದನ್ನು ಆವಿಯಾಗಿ ಎಳೆಯುವುದು, ಕೊನೆಗೆ ಕರಗಿದ್ದನ್ನು ಶುದ್ಧಿ ಮಾಡುವುದು. ಈ ಸಾಲು ತಪ್ಪಿಸುವ ಗುತ್ತಿಗೆದಾರನನ್ನು ಪ್ರಶ್ನಿಸಿ.

ತೇಲುವ ತೈಲಕ್ಕೆ ಮೇಲ್ಪದರವನ್ನಷ್ಟೇ ಹೀರುವ ಸ್ಕಿಮ್ಮರ್ ಅಥವಾ ನಿರ್ವಾತ ಪಂಪು ಬಳಸುತ್ತಾರೆ. ಬೇಗ ಮುಗಿಸುವ ಆತುರದಲ್ಲಿ ದೊಡ್ಡ ಪಂಪಿನಿಂದ ನೀರನ್ನು ಆಳಕ್ಕೆ ಇಳಿಸಿದರೆ ತೈಲವೂ ಜೊತೆಗೆ ಇಳಿದು, ಅಲ್ಲಿಯವರೆಗೆ ಚೊಕ್ಕವಾಗಿದ್ದ ಕಲ್ಲಿಗೆ ಬಳಿದುಕೊಳ್ಳುತ್ತದೆ. ಮೇ ತಿಂಗಳು ತೈಲ ಅತಿ ಹೆಚ್ಚು ಸಿಗುವ ಕಾಲ, ಸ್ಕಿಮ್ಮರ್‌ಗೆ ರಜೆ ಕೊಡಬಾರದ ಕಾಲ. ತೇಲುವ ತೈಲ ಇರುವಾಗಲೇ ನೆಲದೊಳಗೆ ಗಾಳಿ ಊದುವ ಏರ್ ಸ್ಪಾರ್ಜಿಂಗ್ ಆರಂಭಿಸಿದರೆ ತೈಲ ಬದಿಗಳಿಗೆ ಸರಿಯುತ್ತದೆ, ಆವಿ ಮನೆಗಳಡಿಗೆ ನುಗ್ಗುತ್ತದೆ. ಆವಿ ಎಳೆಯುವ ವ್ಯವಸ್ಥೆ ಮೊದಲು ಚಾಲೂ ಆಗಿರಬೇಕು.

ಮೇಲೆತ್ತಿದ ನೀರನ್ನು ತೈಲ ಬೇರ್ಪಡಿಸುವ ತೊಟ್ಟಿ, ಗಾಳಿ ಹಾಯಿಸುವ ಗೋಪುರ, ಇದ್ದಿಲಿನ ಫಿಲ್ಟರ್ ದಾಟಿಸಬೇಕು. ಇದ್ದಿಲು ತುಂಬಿದ ಮೇಲೆ ಏನನ್ನೂ ಹಿಡಿಯದು, ಆದ್ದರಿಂದ ಎರಡು ಫಿಲ್ಟರ್‌ಗಳ ನಡುವಿನ ನೀರಿನ ವರದಿ ಕೇಳಿ. ರಾತ್ರಿ ಹೊತ್ತು ನಾಲೆಗೆ ಪೈಪು ಬಿಡುವವರ ಮೇಲೆ ಕಣ್ಣಿರಲಿ. ತೆಗೆದ ತೈಲ, ಕೆಸರು, ಬಳಸಿದ ಇದ್ದಿಲು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ಒಳಪಡುತ್ತವೆ. ಲಾರಿ ಸಂಖ್ಯೆ, ತೂಕ, ತಲುಪಿದ ಜಾಗದ ರಸೀದಿಗಳ ನಕಲು ಸಮಿತಿಯ ಬಳಿ ಇರಬೇಕು.

ಸುತ್ತಲಿನ ಮನೆಗಳಲ್ಲಿ ತೋಟಕ್ಕೆಂದು ಜೋರಾಗಿ ನೀರೆತ್ತುವುದನ್ನು ಈ ಅವಧಿಯಲ್ಲಿ ತಡೆಯಿರಿ. ಚೆನ್ನಾಗಿರುವ ಬಾವಿಯ ಪಂಪು ಮಾಲಿನ್ಯವನ್ನು ತನ್ನತ್ತ ಎಳೆದುಕೊಳ್ಳುತ್ತದೆ.

ಹಂತ 9: ಪ್ರಕೃತಿ ತಾನೇ ಮಾಡುತ್ತದೆ ಎಂಬ ಮಾತನ್ನು ಪರೀಕ್ಷಿಸುವುದು

ಸೂಕ್ಷ್ಮಜೀವಿಗಳು ಕರಗಿದ ಪೆಟ್ರೋಲನ್ನು ತಿನ್ನುತ್ತವೆ ಎಂಬುದು ನಿಜ. ಆದರೆ ಬೆಂಜೀನಿನ ಒಂದು ಮಿಲಿಗ್ರಾಂ ಸಂಪೂರ್ಣ ಕೊಳೆಯಿಸಲು ಸುಮಾರು 3 ಮಿಲಿಗ್ರಾಂ ಆಮ್ಲಜನಕ ಬೇಕು, ಅಂತರ್ಜಲದಲ್ಲಿ ಅದು ಬೇಗ ತೀರಿಹೋಗುತ್ತದೆ. ಆಮೇಲೆ ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್ ಖರ್ಚಾಗಿ ಕೊನೆಗೆ ಮೀಥೇನ್ ಹುಟ್ಟುತ್ತದೆ. ಸಹಜ ಕ್ಷಯ ನಡೆಯುತ್ತಿದೆ ಎನ್ನುವವರು ಈ ಅಂಶಗಳ ಅಳತೆ ಕೊಡಬೇಕು. ಜಂಬಿಟ್ಟಿಗೆಯ ನಾಡಿನಲ್ಲಿ ಕಬ್ಬಿಣ ಮೊದಲೇ ಹೇರಳ. ಸೇದಿಟ್ಟ ನೀರು ಸಂಜೆಗೆ ಕೆಂಪಾದರೆ ಅದು ಕ್ಷಯದ ಗುರುತೂ ಆಗಿರಬಹುದು, ನೆಲದ ಗುಣವೂ ಆಗಿರಬಹುದು. ಮೇಲ್ಗಡೆಯ ಶುದ್ಧ ಬಾವಿಯ ಅಂಕಿಯೊಂದಿಗೆ ಹೋಲಿಸದೆ ಹೇಳಲಾಗದು. ತೇಲುವ ತೈಲ ಇರುವಾಗ ಈ ವಾದವನ್ನು ಒಪ್ಪುವ ಪ್ರಶ್ನೆಯೇ ಇಲ್ಲ.

ಹಂತ 10: ಎಷ್ಟು ದಿನ ಮತ್ತು ಯಾವಾಗ ನಿಲ್ಲಿಸಬೇಕು

ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಮಟ್ಟ ಮತ್ತು ತೈಲದ ದಪ್ಪ, ತಿಂಗಳಿಗೊಮ್ಮೆ ಮಾದರಿ. ನಂತರ ಮೂರು ತಿಂಗಳಿಗೊಮ್ಮೆ. ನಾನು ಎರಡು ದಿನಾಂಕಗಳನ್ನು ಯಾವ ಕಾರಣಕ್ಕೂ ಬಿಡುವುದಿಲ್ಲ: ಮೇ ಮೂರನೆಯ ವಾರ, ನೀರು ತಳ ಕಂಡಾಗ, ಮತ್ತು ಮಳೆ ಹಿಡಿದ ಮೊದಲ ಹದಿನೈದು ದಿನಗಳು, ಮೇಲಿನ ಕಲ್ಲಿನಲ್ಲಿ ಸಿಕ್ಕಿದ್ದೆಲ್ಲ ತೊಳೆದು ಇಳಿಯುವಾಗ. ಪ್ರತಿ ಅಂಕಿಯ ಪಕ್ಕದಲ್ಲಿ ನೀರ್ಮಟ್ಟವನ್ನೂ ಬರೆದು ಒಂದೇ ಕಾಗದದ ಮೇಲೆ ಎರಡು ಗೆರೆ ಎಳೆಯಿರಿ. ನೀರು ಏರಿದಾಗ ಬೆಂಜೀನ್ ಇಳಿದು, ನೀರು ಇಳಿದಾಗ ಏರಿದರೆ ತೈಲ ಇನ್ನೂ ಕಲ್ಲಿನಲ್ಲಿದೆ.

ಯಂತ್ರಗಳನ್ನು ನಿಲ್ಲಿಸಿದ ಮೇಲೆ ಅಂಕಿಗಳು ಮತ್ತೆ ಏರುವುದು ಸಾಮಾನ್ಯ. ಆದ್ದರಿಂದ ನಿಲ್ಲಿಸಿದ ದಿನದಿಂದ ಕನಿಷ್ಠ ಎರಡು ಬೇಸಿಗೆ ಮತ್ತು ಎರಡು ಮಳೆಗಾಲ, ಎಲ್ಲ ಬಾವಿಗಳಲ್ಲೂ ಮಿತಿಯ ಒಳಗೆ ಇದ್ದು, ತೈಲದ ತೆಳು ಪೊರೆಯೂ ಕಾಣದಿದ್ದರೆ ಮಾತ್ರ ಕಡತ ಮುಚ್ಚಲು ಒಪ್ಪಿಗೆ ಕೊಡಿ. ನಡುವೆ ಗಟಾರದಲ್ಲಿ ವಾಸನೆ, ಝರಿಯ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ, ಒಣಗುವ ಗಿಡಗಳ ಸಾಲು ಕಂಡರೆ ಹಂತ 1ಕ್ಕೆ ಮರಳಬೇಕು. ಬಣ್ಣದ ಪೊರೆಯನ್ನು ಕಡ್ಡಿಯಿಂದ ಮುಟ್ಟಿ ನೋಡಿ: ಗಾಜಿನಂತೆ ಚೂರಾಗಿ ಹಾಗೇ ನಿಂತರೆ ಅದು ಕಬ್ಬಿಣದ ಸೂಕ್ಷ್ಮಜೀವಿಗಳ ಪದರ, ಒಡೆದು ಮತ್ತೆ ಕೂಡಿಕೊಂಡರೆ ತೈಲ.

ಎಲ್ಲ ಮುಗಿದ ಮೇಲೆ ವೀಕ್ಷಣಾ ಬಾವಿಗಳನ್ನು ಹಾಗೇ ಬಿಟ್ಟು ಹೋಗಲು ಬಿಡಬೇಡಿ. ಮುಚ್ಚಳ ಕಳೆದ ಪೈಪು ಗಟಾರದ ನೀರಿಗೆ ನೇರ ದಾರಿ. ಸಿಮೆಂಟ್ ಮತ್ತು ಬೆಂಟೊನೈಟ್ (ನೀರು ಹೀರಿ ಉಬ್ಬುವ ಜೇಡಿ) ಗಾರೆಯನ್ನು ತಳದಿಂದ ಮೇಲಕ್ಕೆ ತುಂಬಿಸಿ, ತುಂಬಿದ ಚೀಲಗಳ ಲೆಕ್ಕವನ್ನು ಬಾವಿಯ ಆಳದೊಂದಿಗೆ ತಾಳೆ ಹಾಕಿ ಸಹಿ ಮಾಡಿ.